ಪಲ್ಲವಿ ಮತ್ತೆ ಬರುತ್ತದೆ, ಕಥೆ ಮುಂದೆ ಹೋಗಬೇಕು

ಲಂಡನ್ನಿನ ಒಂದು ಫುಟ್‌ಪಾತು. ಸೂಟು ಹಾಕಿಕೊಂಡು ನಡೆದು ಬರುತ್ತಿದ್ದ ನಡುವಯಸ್ಸಿನವನೊಬ್ಬ ಇದ್ದಕ್ಕಿದ್ದ ಹಾಗೆ ನೆಲದ ಮೇಲೆ ಮಲಗಿಬಿಡುತ್ತಾನೆ. ಹಿಂದೆ ಬಂದವನೊಬ್ಬ ಎಡವಿ ಬಿದ್ದು, ಎದ್ದು, ಏನಾಯಿತು ಎಂದು ವಿಚಾರಿಸುತ್ತಾನೆ. ಪೆಟ್ಟಾಗಿಲ್ಲ, ಕುಡಿದಿಲ್ಲ, ಹುಚ್ಚೂ ಅಲ್ಲ. ಮತ್ತೆ ಯಾಕೆ ಮಲಗಿದ್ದೀಯ? ಹೇಳಲಾರೆ ಅನ್ನುತ್ತಾನೆ. ಜನ ಸೇರುತ್ತಾರೆ, ಪೊಲೀಸಿನವನು ಬರುತ್ತಾನೆ, ಅನುಕಂಪ ಹೋಗಿ ಸಿಟ್ಟು ಬರುತ್ತದೆ. ಕೊನೆಗೆ ಅವನು ಬಾಯಿ ಬಿಡುತ್ತಾನೆ. ಅಲ್ಲಿಯವರೆಗೆ ಅವರ ಮಾತುಗಳೆಲ್ಲ ಪರದೆಯ ಕೆಳಗೆ ಅಕ್ಷರಗಳಾಗಿ ಮೂಡುತ್ತಿದ್ದವು. ಅವನು ಕಾರಣ ಹೇಳುವ ಹೊತ್ತಿಗೆ ಸರಿಯಾಗಿ ಅಕ್ಷರಗಳು ಮಾಯ. ತುಟಿ ಅಲುಗುವುದು ಕಾಣುತ್ತದೆ, ಮಾತು ಸಿಗುವುದಿಲ್ಲ. ಮುಂದಿನ ದೃಶ್ಯದಲ್ಲಿ ಅಲ್ಲಿದ್ದವರೆಲ್ಲ ಅವನ ಹಾಗೆಯೇ ಫುಟ್‌ಪಾತಿನ ಮೇಲೆ ಮಲಗಿದ್ದಾರೆ.

ಇದು ರೇಡಿಯೋಹೆಡ್ ತಂಡದ 'ಜಸ್ಟ್' ಹಾಡಿನ ವಿಡಿಯೋ. 1995ರದ್ದು, ನಿರ್ದೇಶಕ ಜೇಮೀ ಥ್ರೇವ್ಸ್. ಅವನು ಹೇಳಿದ್ದೇನು ಎಂದು ತಂಡದವರು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬಿಡಲೂಬಾರದು.

ನಾಲ್ಕೈದು ನಿಮಿಷದ ಈ ತುಣುಕನ್ನು ಎದುರಿಗಿಟ್ಟುಕೊಂಡು ಫ್ರಾನ್ಸಿನ ಸಾಹಿತ್ಯ ವಿಮರ್ಶಕ ರೋಲಾಂ ಬಾರ್ತನ ಹೆಸರೆತ್ತಿದರೆ ಅತಿಯಾಯಿತು ಅನ್ನಿಸಬಹುದು. ಆದರೆ ಕಥೆ ನಮ್ಮನ್ನು ಹಿಡಿದು ಕೂರಿಸುವ ಬಗೆಯನ್ನು ಅವನಷ್ಟು ಚೆನ್ನಾಗಿ ಬಿಡಿಸಿಟ್ಟವರು ಕಡಿಮೆ. 1970ರಲ್ಲಿ ಅವನು ಬಾಲ್ಜಾಕನ ಒಂದೇ ಒಂದು ಕಥೆಯನ್ನು ತೆಗೆದುಕೊಂಡು 561 ಚೂರು ಮಾಡಿ, ಪ್ರತಿ ಚೂರಿನಲ್ಲೂ ಐದು ಬಗೆಯ ಸಂಕೇತಗಳಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂದು ನೋಡಿದ. ಐದರಲ್ಲಿ ಒಂದು ಒಗಟಿನದು. ಕಥೆ ಮೊದಲು ಪ್ರಶ್ನೆ ಎತ್ತುತ್ತದೆ, ಆಮೇಲೆ ಉತ್ತರವನ್ನು ಮುಂದೂಡುತ್ತ ಹೋಗುತ್ತದೆ. ಸುಳ್ಳು ಸುಳಿವು ಕೊಡುತ್ತದೆ, ಅರ್ಧ ಹೇಳಿ ನಿಲ್ಲಿಸುತ್ತದೆ. ಓದುಗನಿಗೆ ಸಿಗುವ ಸುಖ ಉತ್ತರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಈ ಸತಾಯಿಸುವಿಕೆಯಲ್ಲಿದೆ. ಕಾದಂಬರಿಯಾದರೆ ಕೊನೆಯ ಪುಟದಲ್ಲಾದರೂ ಸಾಲ ತೀರಿಸಬೇಕು, ಇಲ್ಲದಿದ್ದರೆ ಓದಿದವನು ಬೈಯುತ್ತಾನೆ. ಮ್ಯೂಸಿಕ್ ವಿಡಿಯೋಗೆ ಆ ಹಂಗಿಲ್ಲ. ಅದನ್ನು ಮಾಡುವುದೇ ಇಪ್ಪತ್ತು ಸಲ, ಐವತ್ತು ಸಲ ನೋಡಲಿ ಎಂದು. ಉತ್ತರ ಕೊಟ್ಟರೆ ಐವತ್ತನೆಯ ಸಲ ಯಾರು ನೋಡುತ್ತಾರೆ?

ಅಕ್ಷರಗಳ ವಿಷಯವನ್ನೂ ಗಮನಿಸಿ. ಆ ಜನ ಮಾತಾಡುವುದು ಕೇಳಿಸದೆ ಓದಲು ಸಿಗುವುದೇಕೆ? ಕಿವಿಯ ಜಾಗವನ್ನೆಲ್ಲ ಹಾಡು ಮೊದಲೇ ಹಿಡಿದುಬಿಟ್ಟಿದೆ. ಕಥೆಗೆ ಉಳಿದಿರುವುದು ಕಣ್ಣು ಮಾತ್ರ. ಮ್ಯೂಸಿಕ್ ವಿಡಿಯೋದ ಕಥೆ ಯಾವಾಗಲೂ ಬಾಡಿಗೆ ಮನೆಯಲ್ಲಿರುತ್ತದೆ, ಮಾಲೀಕ ಹಾಡು. ಕಥನ ಸಿದ್ಧಾಂತವನ್ನು ಇಲ್ಲಿಗೆ ತರುವವರು ಈ ಮಾತನ್ನು ಮರೆತರೆ ಮುಂದಿನದೆಲ್ಲ ತಪ್ಪುತ್ತದೆ.

ಸಿದ್ಧಾಂತ ಎಂದರೆ ಗಾಬರಿ ಬೇಡ. ಬುಡದಲ್ಲಿರುವುದು ಸರಳವಾದ ಒಂದು ವಿಭಾಗ: ನಡೆದದ್ದು ಬೇರೆ, ಹೇಳಿದ್ದು ಬೇರೆ. ರಾಮ ಕಾಡಿಗೆ ಹೋದದ್ದು ಒಂದೇ. ತೊರವೆಯ ನರಹರಿ ಅದನ್ನು ಹೇಳುವ ಬಗೆ ಒಂದು, ಕುವೆಂಪು ಹೇಳುವ ಬಗೆ ಇನ್ನೊಂದು, ಆಟದ ಭಾಗವತರು ಹೇಳುವ ಬಗೆ ಮತ್ತೊಂದು. ರಷ್ಯಾದ ರೂಪನಿಷ್ಠ ವಿಮರ್ಶಕರು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು. ಬಲ್ಗೇರಿಯಾದಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ ತ್ಸ್ವೆತಾನ್ ತೊದೊರೊವ್ 1969ರಲ್ಲಿ ಈ ಅಧ್ಯಯನಕ್ಕೆ ಕಥನಶಾಸ್ತ್ರ ಎಂಬರ್ಥದ ಫ್ರೆಂಚ್ ಹೆಸರು ಕೊಟ್ಟ.

ತೊದೊರೊವನ ಸೂತ್ರವನ್ನು ಇಂಗ್ಲೆಂಡಿನ ಶಾಲಾ ಮಕ್ಕಳೂ ಮಾಧ್ಯಮ ಪಾಠದಲ್ಲಿ ಬಾಯಿಪಾಠ ಮಾಡುತ್ತಾರೆ. ಎಲ್ಲ ನೆಮ್ಮದಿಯಾಗಿರುತ್ತದೆ, ಏನೋ ಬಂದು ಕೆಡಿಸುತ್ತದೆ, ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಸರಿಪಡಿಸಲು ಹೆಣಗುತ್ತಾರೆ, ಕೊನೆಗೆ ಹೊಸದೊಂದು ನೆಮ್ಮದಿ. ಹೊಸದು ಎಂಬ ಮಾತು ಮುಖ್ಯ, ಹಳೆಯದು ಹಾಗೇ ವಾಪಸು ಬರುವುದಿಲ್ಲ.

ನಾರ್ವೆಯ ಆ-ಹಾ ತಂಡದ 'ಟೇಕ್ ಆನ್ ಮೀ' ಈ ಸೂತ್ರಕ್ಕೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಹುಡುಗಿಯೊಬ್ಬಳು ಕೆಫೆಯಲ್ಲಿ ಕೂತು ಕಾಮಿಕ್ಸ್ ಓದುತ್ತಿದ್ದಾಳೆ. ಪುಟದೊಳಗಿನ ಪೆನ್ಸಿಲ್ ಹುಡುಗ ಅವಳಿಗೆ ಕಣ್ಣು ಹೊಡೆಯುತ್ತಾನೆ. ಪೆನ್ಸಿಲ್ ಗೆರೆಗಳ ಕೈಯೊಂದು ಪುಟದಿಂದ ಹೊರಗೆ ಚಾಚಿ ಅವಳನ್ನು ಒಳಗೆಳೆದುಕೊಳ್ಳುತ್ತದೆ. ಬಿಲ್ ಕೊಡದೆ ಹೋದಳೆಂದು ಕೆಫೆಯವಳು ಆ ಕಾಮಿಕ್ಸನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಒಳಗೆ, ಸ್ಪ್ಯಾನರ್ ಹಿಡಿದ ಇಬ್ಬರು ಬೆನ್ನಟ್ಟುತ್ತಾರೆ. ಹುಡುಗ ಕಾಗದದ ಗೋಡೆ ಹರಿದು ಅವಳನ್ನು ಹೊರಗೆ ದಾಟಿಸುತ್ತಾನೆ. ಹಾಡು ಮುಗಿಯುವ ಹೊತ್ತಿಗೆ ಅವಳ ಮನೆಯ ಓಣಿಯ ಗೋಡೆಗಳಿಗೆ ಮೈ ಅಪ್ಪಳಿಸಿಕೊಂಡು, ಒಮ್ಮೆ ಗೆರೆ ಒಮ್ಮೆ ಮನುಷ್ಯನಾಗುತ್ತ, ಕಡೆಗೆ ಮನುಷ್ಯನಾಗಿಯೇ ನಿಲ್ಲುತ್ತಾನೆ. ನಿರ್ದೇಶಕ ಸ್ಟೀವ್ ಬ್ಯಾರನ್. ನಟಿಸಿದ್ದನ್ನು ಚಿತ್ರೀಕರಿಸಿ ಅದರ ಮೇಲೆ ಫ್ರೇಮು ಫ್ರೇಮಾಗಿ ಕೈಯಲ್ಲಿ ಚಿತ್ರ ಬರೆದದ್ದು. ಇದೇ ಹಾಡಿಗೆ 1984ರಲ್ಲಿ ತಂಡದವರು ಹಾಡುವ ಬೇರೊಂದು ವಿಡಿಯೋ ಬಂದಿತ್ತು, ಹೆಚ್ಚು ಜನ ತಿರುಗಿ ನೋಡಲಿಲ್ಲ. ಹೊಸ ವಿಡಿಯೋ ಬಂದ ಮೇಲೆ, 1985ರ ಅಕ್ಟೋಬರಿನಲ್ಲಿ, ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಥೆಗೆ ಇಂಥ ಶಕ್ತಿಯಿದೆ ಎಂದು ಕ್ಯಾಸೆಟ್ ಕಂಪನಿಗಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆದರೆ ತಮಾಷೆ ಇರುವುದು ಮುಂದೆ. ಅದೇ ತಂಡದ ಮುಂದಿನ ಹಾಡು 'ದ ಸನ್ ಆಲ್ವೇಸ್ ಶೈನ್ಸ್ ಆನ್ ಟೀವಿ'. ಅದರ ವಿಡಿಯೋ ಶುರುವಾಗುವಾಗ ಆ ಜೋಡಿ ಕಾಡಿನಲ್ಲಿ ನಿಂತಿದೆ. ಹುಡುಗನ ಮೈಮೇಲೆ ಮತ್ತೆ ಪೆನ್ಸಿಲ್ ಗೆರೆಗಳು ಏಳುತ್ತವೆ, ಅವನು ಓಡಿಹೋಗುತ್ತಾನೆ. ತೊದೊರೊವನ ಹೊಸ ನೆಮ್ಮದಿಗೆ ಪಾಪ್ ಲೋಕದಲ್ಲಿ ಆಯಸ್ಸು ಮುಂದಿನ ಹಾಡು ಬರುವ ತನಕ.

ವ್ಲಾದಿಮಿರ್ ಪ್ರಾಪನ ಕಡೆಗೆ ಬರೋಣ. 1928ರಲ್ಲಿ ಅವನು ರಷ್ಯಾದ ನೂರು ಕಿನ್ನರಕಥೆಗಳನ್ನು ಜೋಡಿಸಿಕೊಂಡು, ಹೆಸರು ಊರು ಬದಲಾದರೂ ನಡೆಯುವ ಕೆಲಸಗಳು 31ನ್ನು ಮೀರುವುದಿಲ್ಲ, ಆ ಕೆಲಸ ಮಾಡುವ ಪಾತ್ರಗಳು ಏಳೇ ಎಂದು ತೋರಿಸಿದ. ನಾಯಕ, ಖಳ, ರಾಜಕುಮಾರಿ, ಕಳಿಸಿಕೊಡುವವನು, ಸಹಾಯಕ, ದಾನಿ, ಸುಳ್ಳು ನಾಯಕ. ದಾನಿ ಯಾರು ಎಂದು ನಮಗೆ ವಿವರಿಸಬೇಕಿಲ್ಲ. ಕಾಡಿನಂಚಿನ ಗುಡಿಸಲಲ್ಲಿ ಕೂತು, ದಾರಿತಪ್ಪಿ ಬಂದ ರಾಜಕುಮಾರನಿಗೆ ಗಂಜಿ ಕೊಟ್ಟು, ರಾಕ್ಷಸನ ಜೀವ ಯಾವ ಗಿಣಿಯಲ್ಲಿದೆ ಎಂದು ಹೇಳಿ ಕಳಿಸುವ ಅಡುಗೂಲಜ್ಜಿಯೇ ಅವಳು.

ಈ ಏಳು ಚೀಟಿಗಳನ್ನು ಕೈಯಲ್ಲಿ ಹಿಡಿದು ವಿಡಿಯೋದ ಪಾತ್ರಗಳ ಹಣೆಗೆ ಅಂಟಿಸುತ್ತ ಹೋಗುವುದು ತರಗತಿಯ ಆಟ. ನನಗೆ ಅದು ರುಚಿಸುವುದಿಲ್ಲ. ಅಂಟಿಸಿ ಮುಗಿದ ಮೇಲೆ ಏನೂ ಹೊಸದಾಗಿ ಕಂಡಿರುವುದಿಲ್ಲ. ಪ್ರಾಪನಿಂದ ತೆಗೆದುಕೊಳ್ಳಬೇಕಾದ್ದು ಬೇರೆ: ಪಾತ್ರ ಅನ್ನುವುದು ವ್ಯಕ್ತಿಯಲ್ಲ, ಮಾಡುವ ಕೆಲಸ. ಒಬ್ಬರೇ ಎರಡು ಕೆಲಸ ಮಾಡಬಹುದು, ಒಂದು ಕೆಲಸ ಮೂವರಲ್ಲಿ ಹಂಚಿಹೋಗಬಹುದು. ಟೇಲರ್ ಸ್ವಿಫ್ಟಳ 2009ರ 'ಯೂ ಬಿಲಾಂಗ್ ವಿತ್ ಮೀ' ನೋಡಿ. ಪಕ್ಕದ ಮನೆಯ ಕನ್ನಡಕದ ಹುಡುಗಿ ಕಿಟಕಿಯಿಂದ ಕಿಟಕಿಗೆ ಕಾಗದದ ಮೇಲೆ ಬರೆದು ತೋರಿಸಿ ಹುಡುಗನ ಜೊತೆ ಮಾತಾಡುತ್ತಾಳೆ. ಅವನ ಗೆಳತಿ ಕಪ್ಪು ಕೂದಲಿನ ಜಂಬದ ಚಿಯರ್‌ಲೀಡರ್. ಎರಡೂ ವೇಷ ಸ್ವಿಫ್ಟಳದ್ದೇ. ಹುಡುಗ? ಪ್ರಾಪನ ಲೆಕ್ಕದಲ್ಲಿ ರಾಜಕುಮಾರಿ ಅವನೇ, ಯಾಕೆಂದರೆ ಗೆದ್ದುಕೊಳ್ಳಬೇಕಾದ ಬಹುಮಾನ ಅವನು. ನಾಯಕಿಗೂ ಖಳಳಿಗೂ ಒಂದೇ ಮುಖ ಇರುವುದರಿಂದ, ಹುಡುಗಿ ಹುಡುಗಿಯ ಮೇಲೆ ಗೆದ್ದ ಕಥೆ ಎಂದು ಕಂಡದ್ದರೊಳಗೆ ತನ್ನದೇ ಎರಡು ರೂಪಗಳ ಜಗಳವೂ ಕಾಣುತ್ತದೆ. ನೋಡಿದವರೆಲ್ಲ ಅದನ್ನು ಯೋಚಿಸುತ್ತಾರೆಂದಲ್ಲ, ಆದರೆ ಬಾಗಿಲು ತೆರೆದಿದೆ.

ಕನ್ನಡಕ, ಜಂಬ, ಕಪ್ಪು ಕೂದಲು: ಇವೆಲ್ಲ ಸವೆದ ನಾಣ್ಯಗಳು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಸಿನಿಮಾದ ಹಾಡು ಬರುವ ಹೊತ್ತಿಗೆ ನಮಗೆ ನಾಯಕ ಯಾರು, ಅವನ ಅಮ್ಮ ಯಾರು, ಸಾಲ ಎಷ್ಟು ಎಲ್ಲ ಗೊತ್ತಿರುತ್ತದೆ. ಪಾಪ್ ವಿಡಿಯೋ ಸೊನ್ನೆಯಿಂದ ಹೊರಟು ನಾಲ್ಕು ನಿಮಿಷದಲ್ಲಿ ಮುಗಿಸಬೇಕು. ಪರಿಚಯಕ್ಕೆ ಸಿಗುವುದು ಎರಡು ಸೆಕೆಂಡು. ಚಲಾವಣೆಯಲ್ಲಿರುವ ನಾಣ್ಯವಿಲ್ಲದೆ ಅಷ್ಟರಲ್ಲಿ ವ್ಯಾಪಾರ ಆಗುವುದಿಲ್ಲ.

ನಮ್ಮಲ್ಲಿ ಕೇಬಲ್ ಟೀವಿ ಮನೆಮನೆಗೆ ಬರುತ್ತಿದ್ದ ಕಾಲದ್ದು ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ'. 1995, ಸಂಗೀತ ಬಿದ್ದು, ವಿಡಿಯೋ ಮಾಡಿದವರು ಕೆನ್ ಘೋಷ್. ಅದು ಅಪ್ಪಟ ಸ್ವಯಂವರ. ದೇಶ ದೇಶದಿಂದ ಬಂದ ವರಗಳನ್ನು ರಾಜಕುಮಾರಿ ಒಲ್ಲೆ ಅನ್ನುತ್ತಾಳೆ. ಕೊನೆಗೆ ಒಂದು ಪೆಟ್ಟಿಗೆ ಬರುತ್ತದೆ, ಅದರೊಳಗಿಂದ ಮಿಲಿಂದ್ ಸೋಮನ್ ಎದ್ದು ಬರುತ್ತಾನೆ. ಪುರಾಣಗಳು ಎದುರುಬದುರಾದ ಜೋಡಿಗಳ ಮೇಲೆ ನಿಂತಿವೆ, ನಿಜಜೀವನದಲ್ಲಿ ಬಗೆಹರಿಯದ ವಿರೋಧವನ್ನು ಕಥೆಯಲ್ಲಿ ಬಗೆಹರಿಸಿಕೊಳ್ಳುತ್ತವೆ ಎಂದು ಮಾನವಶಾಸ್ತ್ರಜ್ಞ ಲೆವಿ-ಸ್ತ್ರೌಸ್ ಹೇಳಿದ್ದು ಇಲ್ಲಿ ನೆನಪಾಗಬೇಕು. 1991ರ ಉದಾರೀಕರಣದ ನಂತರ ವಿದೇಶಿ ಮಾಲು ಅಂಗಡಿ ತುಂಬುತ್ತಿದ್ದ ದಿನಗಳು. ಹಾಡು ದೇಸಿ ಹೃದಯವನ್ನು ಗೆಲ್ಲಿಸುತ್ತದೆ, ಆದರೆ ಆ ದೇಸಿ ನಾಯಕ ಬರುವುದು ಮಾಲಿನ ಹಾಗೆ ಪೆಟ್ಟಿಗೆಯಲ್ಲಿ! ಹಾಡಿನ ಹೆಸರೇ ಸರಕಿನ ಮೇಲಿನ ಮೊಹರು. ದೇಸಿ ಮತ್ತು ಮಾರುಕಟ್ಟೆಯ ಜಗಳವನ್ನು ಒಂದು ಪೆಟ್ಟಿಗೆ ಬಗೆಹರಿಸಿಬಿಟ್ಟಿತು.

ಇಲ್ಲಿಯವರೆಗಿನ ಉದಾಹರಣೆಗಳಲ್ಲಿ ಸಿದ್ಧಾಂತ ಸಲೀಸಾಗಿ ಕೂತಿತು. ಕೂರದಿರುವ ಜಾಗವೇ ನನಗೆ ಹೆಚ್ಚು ಇಷ್ಟ. ಪ್ರಾಪ್, ತೊದೊರೊವ್ ಇಬ್ಬರೂ ನೋಡಿದ್ದು ಮುಂದಕ್ಕೆ ಹೋಗುವ ಕಥೆಗಳನ್ನು. ಹಾಡು ಮುಂದಕ್ಕೆ ಹೋಗುವುದಿಲ್ಲ. ಚರಣ ಒಂದು ಹೆಜ್ಜೆ ಮುಂದಿಟ್ಟರೆ ಪಲ್ಲವಿ ಅದನ್ನು ಹಿಂದಕ್ಕೆ ಎಳೆದು ತಂದು ಮೊದಲಿನ ಜಾಗದಲ್ಲೇ ನಿಲ್ಲಿಸುತ್ತದೆ. ಹಾಡಿನ ಸುಖವೇ ಆ ಮರಳುವಿಕೆಯಲ್ಲಿದೆ. ಕಥೆ ಮುಂದೆ ಹೋಗಬೇಕು, ಪಲ್ಲವಿ ಮತ್ತೆ ಬರಬೇಕು. ಈ ಎಳೆದಾಟವನ್ನು ನಿರ್ದೇಶಕ ಹೇಗೆ ನಿಭಾಯಿಸಿದ ಎಂದು ನೋಡಿದರೆ ಮ್ಯೂಸಿಕ್ ವಿಡಿಯೋದ ಅರ್ಧ ಗುಟ್ಟು ತಿಳಿದ ಹಾಗೆ.

ಇದಕ್ಕೆ ಹತ್ತಿರದ ಮಾತಾಡಿದವನು ಫ್ರಾನ್ಸಿನ ಇನ್ನೊಬ್ಬ ವಿಮರ್ಶಕ ಝೆರಾರ್ ಜೆನೆತ್. 1972ರಲ್ಲಿ ಅವನು ಕಥನದ ಕಾಲವನ್ನು ಮೂರು ಕಡೆಯಿಂದ ಅಳೆದ: ಯಾವ ಕ್ರಮದಲ್ಲಿ ಹೇಳಿದರು, ಎಷ್ಟು ಹೊತ್ತು ಹೇಳಿದರು, ಎಷ್ಟು ಸಲ ಹೇಳಿದರು. ಮೂರನೆಯದು ನಮಗೆ ಬೇಕಾದದ್ದು. ಒಮ್ಮೆ ನಡೆದದ್ದನ್ನು ಒಮ್ಮೆ ಹೇಳಬಹುದು. ದಿನಾ ನಡೆದದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: 'ಅಜ್ಜ ಬೆಳಿಗ್ಗೆ ಎದ್ದು ತೋಟಕ್ಕೆ ಹೋಗುತ್ತಿದ್ದ.' ಒಮ್ಮೆ ನಡೆದದ್ದನ್ನು ನಾಲ್ಕು ಸಲ ನಾಲ್ಕು ಬಾಯಲ್ಲಿ ಹೇಳಿಸಬಹುದು. ಪಲ್ಲವಿ ಈ ಯಾವ ಮನೆಗೂ ಸರಿಯಾಗಿ ಸೇರುವುದಿಲ್ಲ. ಅಲ್ಲಿ ಮಾತು ಅದೇ, ಚಿತ್ರದಲ್ಲಿ ನಡೆಯುವುದು ಪ್ರತಿ ಸಲ ಬೇರೆ.

ಭರತನಾಟ್ಯ ನೋಡಿದವರಿಗೆ ಇದು ಗೊತ್ತಿರುವ ವಿದ್ಯೆ. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ದೇವರನಾಮದ ಪಲ್ಲವಿ ಒಂದೇ ಸಾಲು. ಹಾಡುವವರು ಅದನ್ನೇ ಹತ್ತು ಸಲ ಹಾಡುತ್ತಾರೆ, ಕುಣಿಯುವವಳು ಪ್ರತಿ ಸಲವೂ ಬೇರೆ ಸಂಚಾರಿ ಮಾಡುತ್ತಾಳೆ. ಒಮ್ಮೆ ಬೆಣ್ಣೆ ತೋರಿಸಿ ಕರೆಯುವುದು, ಒಮ್ಮೆ ಗದರಿಸಿ ಕರೆಯುವುದು, ಒಮ್ಮೆ ಕೈಚಾಚಿ ಬೇಡುವುದು. ಬಾಲಸರಸ್ವತಿ ಕಡಲ ದಂಡೆಯಲ್ಲಿ ಇದನ್ನು ಮಾಡುವುದನ್ನು ಸತ್ಯಜಿತ್ ರೇ 1976ರಲ್ಲಿ ಚಿತ್ರೀಕರಿಸಿದ್ದಾರೆ. ಅದೇ ಪಲ್ಲವಿ 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿಯ ಕಲೋನಿಯಲ್ ಕಸಿನ್ಸ್ ಮೂಲಕ ಪಾಪ್ ಹಾಡಾಗಿ ಎಂಟೀವಿಯನ್ನೂ ಹೊಕ್ಕಿತು. ನಮ್ಮ ಪಲ್ಲವಿಗೆ ಆ ಮನೆ ಹೊಸದಾಗಿರಲಿಕ್ಕಿಲ್ಲ.

ಸ್ವಿಫ್ಟಳ ವಿಡಿಯೋವನ್ನು ಈಗ ಮತ್ತೆ ನೋಡಿ. ಪಲ್ಲವಿ ಮೊದಲ ಸಲ ಬಂದಾಗ ಹುಡುಗಿ ತನ್ನ ಕೋಣೆಯಲ್ಲಿ ಬಟ್ಟೆ ಬದಲಿಸಿ ಬದಲಿಸಿ ಒಬ್ಬಳೇ ಕುಣಿಯುತ್ತಿದ್ದಾಳೆ. ಕೊನೆಗೆ ನೃತ್ಯಕೂಟದಲ್ಲಿ ಅವನೆದುರು ನಿಂತಿರುತ್ತಾಳೆ. 'ನೀನಿರಬೇಕಾದ್ದು ನನ್ನ ಜೊತೆ' ಎಂಬ ಸಾಲು ಬದಲಾಗಿಲ್ಲ. ಮೊದಲು ಅದು ಹಗಲುಗನಸು, ಕೊನೆಗೆ ವಾಸ್ತವದ ವರದಿ. ಹೆಚ್ಚಿನ ಒಳ್ಳೆಯ ವಿಡಿಯೋಗಳು ಹಿಡಿಯುವ ದಾರಿ ಇದು.

ಮೈಕೇಲ್ ಜಾಕ್ಸನ್ನನ 'ಥ್ರಿಲ್ಲರ್' ಇನ್ನೊಂದು ದಾರಿ ಹಿಡಿಯಿತು, ಅಷ್ಟು ಧೈರ್ಯ ಆಮೇಲೆ ಹೆಚ್ಚು ಜನ ಮಾಡಲಿಲ್ಲ. 1983ರ ಡಿಸೆಂಬರ್, ನಿರ್ದೇಶಕ ಸಿನಿಮಾ ಲೋಕದ ಜಾನ್ ಲ್ಯಾಂಡಿಸ್. ಆಲ್ಬಮ್ಮಿನಲ್ಲಿ ಆರು ನಿಮಿಷದ ಹಾಡು, ಪರದೆಯ ಮೇಲೆ ಹದಿನಾಲ್ಕು ನಿಮಿಷಕ್ಕೆ ಹತ್ತಿರ. ಶುರುವಿಗೆ ಪೆಟ್ರೋಲ್ ಮುಗಿದ ಕಾರು, ಬೆಳದಿಂಗಳು, ಬೆಕ್ಕಿನಂಥ ಮೃಗವಾಗುವ ಪ್ರೇಮಿ. ಅಷ್ಟರಲ್ಲಿ ಅದು ಸಿನಿಮಾದೊಳಗಿನ ಸಿನಿಮಾ ಎಂದು ತಿಳಿಯುತ್ತದೆ, ಜಾಕ್ಸನ್ ಮತ್ತು ಹುಡುಗಿ ಥಿಯೇಟರಿನಲ್ಲಿ ಕೂತಿದ್ದಾರೆ. ಹೆದರಿದ ಅವಳು ಎದ್ದು ಹೊರಬರುತ್ತಾಳೆ. ಬೀದಿಯಲ್ಲಿ ಅವಳ ಸುತ್ತ ಕುಣಿಯುತ್ತ ಅವನು ಹಾಡತೊಡಗುತ್ತಾನೆ.

ಏನು ಹಾಡುತ್ತಾನೆ ಎಂದು ಕಿವಿಗೊಟ್ಟು ಕೇಳಿ. ಬರೀ ಚರಣಗಳು. ಒಂದಾದ ಮೇಲೊಂದು ಚರಣ, ನಡುವೆ ಪಲ್ಲವಿ ಇಲ್ಲ. ಆಲ್ಬಮ್ ಕೇಳಿ ಕೇಳಿ ಬಾಯಿಗೆ ಬಂದಿರುವವರಿಗೆ ಇಲ್ಲೇ ಕಸಿವಿಸಿ ಶುರುವಾಗುತ್ತದೆ, ಏನೋ ಬರಬೇಕಿತ್ತಲ್ಲ! ಲ್ಯಾಂಡಿಸ್ ಪಲ್ಲವಿಯನ್ನು ಕಿತ್ತು ಬದಿಗಿಟ್ಟಿದ್ದಾನೆ. ಹಿಂದಕ್ಕೆ ಎಳೆಯುವ ಹಗ್ಗ ಇಲ್ಲದ್ದರಿಂದ ಕಥೆ ಸರಾಗವಾಗಿ ಮುಂದೆ ಹೋಗುತ್ತದೆ. ಸ್ಮಶಾನ, ಭಯಾನಕ ಚಿತ್ರಗಳ ನಟ ವಿನ್ಸೆಂಟ್ ಪ್ರೈಸನ ಗೊಗ್ಗರು ದನಿ, ಗೋರಿಯಿಂದೇಳುವ ಹೆಣಗಳು, ಸುತ್ತುವರಿಯುವಿಕೆ. ಹುಡುಗಿ ತಿರುಗಿ ನೋಡಿದರೆ ಪ್ರೇಮಿಯೂ ಹೆಣ. ಹೆಣಗಳ ಕುಣಿತ ಕಾವೇರಿದ ಮೇಲೆ, ಅಲ್ಲಿಯವರೆಗೆ ಬಡ್ಡಿ ಸೇರಿಸಿ ಕೂಡಿಟ್ಟ ಪಲ್ಲವಿಯನ್ನು ಒಟ್ಟಿಗೆ ಸುರಿಯುತ್ತಾನೆ. ಬಾರ್ತ್ ಒಗಟಿನ ಉತ್ತರವನ್ನು ಮುಂದೂಡುವ ಬಗ್ಗೆ ಹೇಳಿದ್ದನ್ನು ಇವನು ರಾಗಕ್ಕೆ ಮಾಡಿದ.

ಅದೇ ಗಳಿಗೆಯಲ್ಲಿ ಇನ್ನೊಂದು ನಡೆಯುತ್ತದೆ. ಹೆಣವಾಗಿದ್ದ ಜಾಕ್ಸನ್ ಪಲ್ಲವಿ ಹಾಡಲು ಮುಖ ತಿರುಗಿಸುವಾಗ ಮೇಕಪ್ ಇಲ್ಲ, ಅವನದೇ ಮುಖ. ಹಾಡಾದ ಮೇಲೆ ಮತ್ತೆ ಹೆಣ. ಕಥೆಯ ತರ್ಕದಲ್ಲಿ ಇದಕ್ಕೆ ಕಾರಣವೇ ಇಲ್ಲ. ಕಾರಣ ಕಥೆಯ ಹೊರಗಿದೆ. ಮ್ಯೂಸಿಕ್ ವಿಡಿಯೋ ಬಗ್ಗೆ 1992ರಲ್ಲಿ ಪುಸ್ತಕ ಬರೆದ ಆಂಡ್ರ್ಯೂ ಗುಡ್‌ವಿನ್ ಒತ್ತಿ ಹೇಳಿದ್ದು ಇದನ್ನೇ: ವಿಡಿಯೋದಲ್ಲಿ ಹಾಡುಗಾರ ಪಾತ್ರವೂ ಹೌದು, ಮಾರಾಟಕ್ಕಿಟ್ಟ ತಾರೆಯೂ ಹೌದು. ಪಾತ್ರ ಹೆಣವಾಗಬಹುದು, ಪಲ್ಲವಿಯ ಹೊತ್ತಿಗೆ ತಾರೆಯ ಮುಖ ಮರೆಯಾಗುವಂತಿಲ್ಲ.

ಇದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದು ಸುಲಭ. ಯಕ್ಷಗಾನದಲ್ಲಿ ಕೆಲಸ ಹಂಚಿಕೆಯಾಗಿದೆ. ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಫಾಲ್ಗುಣಿ ಪಾಠಕ್ ಅವರ 1998ರ 'ಯಾದ್ ಪಿಯಾ ಕೀ ಆನೇ ಲಗೀ' ಹೀಗೆಯೇ ಇದೆ, ಪ್ರೇಮ ರಿಯಾ ಸೇನ್ ಪಾಲಿಗೆ, ಫಾಲ್ಗುಣಿ ಬದಿಯಲ್ಲಿ ನಿಂತು ಹಾಡುವ ಭಾಗವತರು. ಪಶ್ಚಿಮದ ಪಾಪ್ ವಿಡಿಯೋದಲ್ಲಿ ಮಾತ್ರ ಭಾಗವತರು ಜಾಗಟೆ ಕೆಳಗಿಟ್ಟು, ಕಿರೀಟ ಕಟ್ಟಿಕೊಂಡು ರಂಗಕ್ಕೆ ಹಾರುತ್ತಾರೆ, ಪದ್ಯ ಬಂದಾಗ ಕಿರೀಟ ತೆಗೆದು ತಾವೇ ಎಂದು ತೋರಿಸುತ್ತಾರೆ.

ಎಲ್ಲ ವಿಡಿಯೋದಲ್ಲೂ ಕಥೆ ಹುಡುಕಬೇಕಾಗಿಲ್ಲ ಎಂಬ ಎಚ್ಚರಿಕೆಯೂ ಇರಲಿ. ಕ್ಯಾರಲ್ ವರ್ನಾಲಿಸ್ ಮ್ಯೂಸಿಕ್ ವಿಡಿಯೋ ಬಗ್ಗೆ 2004ರಲ್ಲಿ ಬರೆದ ಪುಸ್ತಕದ ಮುಖ್ಯ ತಕರಾರೇ ಅದು. ಬಹಳಷ್ಟು ವಿಡಿಯೋಗಳು ಕಥೆ ಹೇಳುವುದಿಲ್ಲ, ಹೇಳುವ ಹಾಗೆ ನಟಿಸಿ ಬಿಟ್ಟುಬಿಡುತ್ತವೆ, ಚಿತ್ರ ಸಂಗೀತದ ಹಿಂದೆ ಹೋಗುತ್ತದೆ. ಬಣ್ಣ, ಬಟ್ಟೆ, ಕುಣಿತ, ಕತ್ತರಿಸಿದ ಲಯ ಇಷ್ಟೇ ಇದ್ದರೆ ಅಲ್ಲಿ ಪ್ರಾಪನಿಗೇನು ಕೆಲಸ?

ಚಿತ್ರೀಕರಣದ ಒಂದು ವಿಷಯ ತಿಳಿದಿದ್ದರೆ ಕೊನೆಯ ಉದಾಹರಣೆ ಸ್ಪಷ್ಟವಾಗುತ್ತದೆ. ಸೆಟ್ಟಿನಲ್ಲಿ ಹಾಡನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಅದಕ್ಕೆ ತುಟಿ ಆಡಿಸಿ ಚಿತ್ರೀಕರಿಸುತ್ತಾರೆ. ನಿಧಾನಗತಿ ಬೇಕಾದರೆ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ, ಕ್ಯಾಮೆರಾವನ್ನೂ ಅಷ್ಟೇ ವೇಗದಲ್ಲಿ ಓಡಿಸಿ, ಆಮೇಲೆ ಮಾಮೂಲಿ ವೇಗದಲ್ಲಿ ತೋರಿಸುತ್ತಾರೆ. ಮೈ ತೇಲುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುತ್ತದೆ.

'ಜಸ್ಟ್' ಮಾಡಿದ ಅದೇ ಜೇಮೀ ಥ್ರೇವ್ಸ್ 2002ರಲ್ಲಿ ಕೋಲ್ಡ್‌ಪ್ಲೇ ತಂಡದ 'ದ ಸೈಂಟಿಸ್ಟ್' ಮಾಡಿದ. ಹಾಡಿನ ಹಂಬಲವೇ ಮೊದಲಿದ್ದಲ್ಲಿಗೆ ಹಿಂತಿರುಗುವುದು. ವಿಡಿಯೋದಲ್ಲಿ ತಂಡದ ಹಾಡುಗಾರ ಕ್ರಿಸ್ ಮಾರ್ಟಿನ್ ಹಾಸಿಗೆಯಿಂದೆದ್ದು ಹಿಮ್ಮುಖವಾಗಿ ನಡೆಯುತ್ತಾನೆ. ಊರು ದಾಟಿ, ಕಾಡು ಹೊಕ್ಕು, ಕಾರಿನ ತನಕ. ಜೆನೆತನ ಮೊದಲ ಅಳತೆ, ಕ್ರಮ, ಇಲ್ಲಿ ಪೂರ್ತಿ ತಲೆಕೆಳಗು: ಪರಿಣಾಮ ಮೊದಲು, ಕಾರಣ ಕೊನೆಗೆ. ಹಾಗೆಂದು ಫಿಲ್ಮನ್ನು ಸುಮ್ಮನೆ ತಿರುಗಿಸಿ ಓಡಿಸಿದರೆ ತುಟಿ ಹಾಡಿಗೆ ಕೂಡುವುದಿಲ್ಲ. ಅದಕ್ಕಾಗಿ ಮಾರ್ಟಿನ್ ಇಡೀ ಹಾಡನ್ನು ಕೊನೆಯಿಂದ ಮೊದಲಿಗೆ, ಉಚ್ಚಾರವನ್ನೇ ತಿರುಗುಮುರುಗು ಮಾಡಿ ಕಲಿತ. ಮುಂದಕ್ಕೆ ನಡೆಯುತ್ತ ಆ ಅರ್ಥವಿಲ್ಲದ ಶಬ್ದಗಳನ್ನು ಹಾಡಿದ. ತಿರುಗಿಸಿ ಓಡಿಸಿದಾಗ ಕಾಲು ಹಿಂದಕ್ಕೆ ಹೋಗುತ್ತದೆ, ತುಟಿ ಮುಂದಕ್ಕೆ ಹಾಡುತ್ತದೆ. ಹಾಡಿನ ಕಾಲ, ಕಥೆಯ ಕಾಲ ಎರಡೂ ಒಬ್ಬನ ಮೈಯಲ್ಲಿ ವಿರುದ್ಧ ದಿಕ್ಕಿಗೆ ಹೊರಟಿವೆ.

ಕಾಡಿನಲ್ಲಿ ನುಜ್ಜಾದ ಕಾರು ಇಳಿಜಾರನ್ನು ಹತ್ತಿ ರಸ್ತೆಗೆ ಬರುತ್ತದೆ. ಒಡೆದ ಗಾಜು ಕೂಡಿಕೊಳ್ಳುತ್ತದೆ. ಹೊರಗೆ ಬಿದ್ದಿದ್ದ ಹುಡುಗಿ ಅದರೊಳಗಿಂದ ಹಾದು ಬಂದು ಅವನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಅವರಿಬ್ಬರಿಗೂ ಇನ್ನೂ ಏನೂ ಆಗಿಲ್ಲ.